ಹೊರಗಿನ ಜೋಡಣೆ ಮೂಲದೊಳಗೆ ಸೇರಿದ ಕಥೆ

ಜಾಲತಾಣಗಳ ಚರಿತ್ರೆ ಬಹಳ ಹಳೆಯದೇನಲ್ಲ. ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಅವರು ಮೊದಲ ತಾಣವನ್ನು ಲೋಕದ ಮುಂದಿಟ್ಟದ್ದು 1991ರಲ್ಲಿ. ಆದರೂ ಈ ಅಲ್ಪಾವಧಿಯಲ್ಲೇ ಅದರಲ್ಲಿ ಎಷ್ಟೋ ತಲೆಮಾರುಗಳು ಹುಟ್ಟಿ, ಬಾಳಿ, ಮರೆಯಾಗಿವೆ. ಅರಸುಮನೆತನಗಳ ಚರಿತ್ರೆಗೆ ಶಿಲಾಶಾಸನಗಳಿದ್ದರೆ, ಈ ಚರಿತ್ರೆ ದಾಖಲಾಗಿರುವುದು ತಂತ್ರಾಂಶಗಳ ಆವೃತ್ತಿ ಸಂಖ್ಯೆಗಳಲ್ಲಿ. ಆ ಸಂಖ್ಯೆಗಳ ಹಿಂದೆ ಯಾರ ದುಡಿಮೆ ಇತ್ತು, ಬದಲಾವಣೆಯ ಹೊರೆ ಯಾರ ತಲೆಯ ಮೇಲೆ ಬಿತ್ತು ಎಂಬುದನ್ನು ಒಂದು ಉದಾಹರಣೆಯ ಮೂಲಕ ಇಲ್ಲಿ ನೋಡೋಣ.

ಮೊದಲ ಹತ್ತು ವರ್ಷ ಬಹುಪಾಲು ಪುಟಗಳನ್ನು ಕೈಯಿಂದಲೇ ಬರೆಯುತ್ತಿದ್ದರು. ಒಂದು ಕಾಲೇಜಿನ ತಾಣದಲ್ಲಿ ಇನ್ನೂರು ಪುಟಗಳಿದ್ದರೆ ಇನ್ನೂರು ಕಡತಗಳು. ಕಾಲೇಜಿನ ದೂರವಾಣಿ ಸಂಖ್ಯೆ ಬದಲಾದರೆ ಇನ್ನೂರನ್ನೂ ತೆರೆದು ತಿದ್ದಬೇಕು. ಬರಹ ಬೇರೆ, ಅದರ ಅಲಂಕಾರ ಬೇರೆ, ಎರಡನ್ನೂ ಪ್ರತ್ಯೇಕಿಸಿ ಇಡೋಣ ಎಂಬ ಆಲೋಚನೆ ಹುಟ್ಟಿದ್ದು ಈ ಬೇಸರದಿಂದ. ಬರಹವನ್ನೆಲ್ಲ ಒಂದು ದತ್ತಸಂಚಯದಲ್ಲಿ ಇಡುವುದು. ಓದುಗ ಕೇಳಿದಾಗ ಒಂದು ಕ್ರಮವಿಧಿ ಅದನ್ನು ತೆಗೆದು, ಪುಟವಾಗಿ ಜೋಡಿಸಿ ಕೊಡುವುದು. ವಿಷಯ ನಿರ್ವಹಣಾ ತಂತ್ರಾಂಶ ಎಂದು ಕರೆಯುವುದು ಇದನ್ನೇ. 2001ರಲ್ಲಿ ಡ್ರೂಪಲ್, 2003ರಲ್ಲಿ ವರ್ಡ್‌ಪ್ರೆಸ್, 2005ರಲ್ಲಿ ಜೂಮ್ಲಾ ಬಂದವು. ಮೂರೂ ಯಾರು ಬೇಕಾದರೂ ಉಚಿತವಾಗಿ ಬಳಸಿ ತಿದ್ದಬಹುದಾದ ತಂತ್ರಾಂಶಗಳು. ಮೂರರ ನೀತಿಯೂ ಹೆಚ್ಚುಕಡಿಮೆ ಒಂದೇ: ಮೂಲವನ್ನು ಚಿಕ್ಕದಾಗಿಡುವುದು, ಹೆಚ್ಚಿನ ಸೌಲಭ್ಯ ಬೇಕಾದವರು ಹೊರಗಿನಿಂದ ಜೋಡಣೆಗಳನ್ನು ತಂದು ಸೇರಿಸಿಕೊಳ್ಳುವುದು.

ನಾವು ಇಲ್ಲಿ ಹೆಚ್ಚಾಗಿ ಡ್ರೂಪಲ್ ಅನ್ನೇ ಗಮನಿಸೋಣ. ಬೆಲ್ಜಿಯಂ ದೇಶದ ಆಂಟ್‌ವರ್ಪ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಡ್ರೀಸ್ ಬಾಯ್ಟಾರ್ಟ್ ಮತ್ತು ಹಾನ್ಸ್ ಸ್ನೈಡರ್ 2000ದಲ್ಲಿ ಒಂದೇ ಅಂತರಜಾಲ ಸಂಪರ್ಕವನ್ನು ಗೆಳೆಯರೊಡನೆ ಹಂಚಿಕೊಂಡಿದ್ದರು. ಆ ಗೆಳೆಯರ ಬಳಗಕ್ಕೆ ಸುದ್ದಿ ತಿಳಿಸಲು ಬಾಯ್ಟಾರ್ಟ್ ಬರೆದ ಪುಟ್ಟ ಕ್ರಮವಿಧಿಯೇ ಇದರ ಬೀಜ. ಅದನ್ನು ಹೊರಜಗತ್ತಿಗೆ ತರುವಾಗ ಡಚ್ ಭಾಷೆಯಲ್ಲಿ ಹಳ್ಳಿ ಎಂಬ ಅರ್ಥದ ‘ಡೋರ್ಪ್’ ಎಂಬ ಹೆಸರನ್ನು ನೋಂದಾಯಿಸಲು ಹೊರಟವರು ಅಕ್ಷರ ಅದಲುಬದಲಾಗಿ ‘ಡ್ರಾಪ್’ ಎಂದು ಬೆರಳಚ್ಚಿಸಿದರು. ಅದೇ ಚೆನ್ನಾಗಿದೆ ಎನಿಸಿತು. ಮುಂದೆ ಹನಿ ಎಂಬ ಅರ್ಥದ ಡಚ್ ಪದ ‘ಡ್ರುಪ್ಪೆಲ್’ನಿಂದ ಡ್ರೂಪಲ್ ಎಂಬ ಹೆಸರು ಬಂತು. ಹಳ್ಳಿ ಹನಿಯಾದ ಈ ಕಥೆಯನ್ನು ಡ್ರೂಪಲ್ ಬಳಗದವರು ಇಂದಿಗೂ ಹೇಳಿಕೊಂಡು ನಗುತ್ತಾರೆ. 2001ರ ಜನವರಿ 15ರಂದು ಮೊದಲ ಆವೃತ್ತಿ ಬಿಡುಗಡೆಯಾಯಿತು.

ಆರಂಭದ ಡ್ರೂಪಲ್‌ನಲ್ಲಿ ಒಂದು ಬರಹಕ್ಕೆ ಎರಡೇ ಭಾಗಗಳು: ಶೀರ್ಷಿಕೆ ಮತ್ತು ಒಡಲು. ಸುದ್ದಿಗೋ ಪ್ರಕಟಣೆಗೋ ಇಷ್ಟು ಸಾಕು. ಆದರೆ ಒಂದು ಗ್ರಂಥಾಲಯವನ್ನು ಊಹಿಸಿಕೊಳ್ಳಿ. ಅಲ್ಲಿ ಪ್ರತಿ ಪುಸ್ತಕಕ್ಕೂ ಲೇಖಕರ ಹೆಸರು, ಪ್ರಕಾಶನದ ವರ್ಷ, ಕಪಾಟಿನ ಸಂಖ್ಯೆ, ಮುಖಪುಟದ ಚಿತ್ರ ಎಲ್ಲವೂ ಬೇಕು. ಇವನ್ನೆಲ್ಲ ಒಡಲಿನೊಳಗೇ ತುರುಕಬಹುದು, ಓದುವವರಿಗೆ ಕಾಣುತ್ತದೆ. ಆದರೆ 1975ರ ಪುಸ್ತಕಗಳನ್ನಷ್ಟೇ ತೋರಿಸು ಎಂದರೆ ಯಂತ್ರಕ್ಕೆ ತಿಳಿಯುವುದಿಲ್ಲ. ಅದಕ್ಕೆ ವರ್ಷ ಯಾವುದು, ಹೆಸರು ಯಾವುದು ಎಂಬ ಭೇದವೇ ಇಲ್ಲ. ನಮ್ಮ ಕಚೇರಿಗಳ ಅರ್ಜಿ ನಮೂನೆಯಲ್ಲಿ ಹೆಸರಿಗೊಂದು ಕಲಮು, ಊರಿಗೊಂದು ಕಲಮು ಇರುವಂತೆ ಇಲ್ಲೂ ಕಲಮುಗಳು ಬೇಕಿದ್ದವು. ಅಂದು ಅಂಥ ಪ್ರತಿಯೊಂದು ನಮೂನೆಗೂ ಪ್ರೋಗ್ರಾಮರ್ ಒಬ್ಬರು ಕುಳಿತು ಹೊಸದಾಗಿ ಒಂದು ಮಾಡ್ಯೂಲ್ ಬರೆಯಬೇಕಿತ್ತು. ದುಡ್ಡಿದ್ದವರು ಬರೆಸಿಕೊಂಡರು, ಇಲ್ಲದವರು ಶೀರ್ಷಿಕೆ-ಒಡಲುಗಳಲ್ಲೇ ತೃಪ್ತಿಪಟ್ಟರು.

ಈ ಕೊರತೆಯನ್ನು ನೀಗಿಸಲು ಮೊದಲು ಕೈಹಾಕಿದವರು ಜೊನಾಥನ್ ಚಾಫರ್. ಅವರ ‘ಫ್ಲೆಕ್ಸಿನೋಡ್’ ಎಂಬ ಜೋಡಣೆಯಲ್ಲಿ ಪ್ರೋಗ್ರಾಮಿಂಗ್ ಬಾರದವರೂ ಕಲಮುಗಳನ್ನು ಸೇರಿಸಬಹುದಿತ್ತು. ಆದರೆ ಎಲ್ಲ ನಮೂನೆಗಳ ಎಲ್ಲ ಕಲಮುಗಳ ಮಾಹಿತಿಯನ್ನೂ ಅದು ಒಂದೇ ದೊಡ್ಡ ಲೆಕ್ಕದ ಪುಸ್ತಕದಲ್ಲಿ, ಕಲಮಿಗೊಂದು ಸಾಲಿನಂತೆ ಬರೆದಿಡುತ್ತಿತ್ತು. ಒಂದು ಪುಸ್ತಕದ ವಿವರ ಬೇಕೆಂದರೆ ಆ ಪುಸ್ತಕದ ಉದ್ದಗಲಕ್ಕೂ ಹುಡುಕಿ ಸಾಲುಗಳನ್ನು ಹೆಕ್ಕಿ ತರಬೇಕು. ತಾಣ ಬೆಳೆದಂತೆಲ್ಲ ವೇಗ ಕುಗ್ಗುತ್ತಿತ್ತು. ಈ ಅನುಭವದಿಂದ ಪಾಠ ಕಲಿತು 2006ರಲ್ಲಿ ಬಂದದ್ದೇ ‘ಕಂಟೆಂಟ್ ಕನ್‌ಸ್ಟ್ರಕ್ಷನ್ ಕಿಟ್’, ಎಲ್ಲರ ಬಾಯಲ್ಲೂ ಸಿ.ಸಿ.ಕೆ. ಅದನ್ನು ಬೆಳೆಸಿ ಕಾಪಾಡಿದವರಲ್ಲಿ ಚಾಫರ್ ಅವರೊಡನೆ ಕರೆನ್ ಸ್ಟೀವನ್ಸನ್ ಮತ್ತು ಈವ್ ಶೆದೆಮೊವಾ ಅವರ ಹೆಸರುಗಳನ್ನು ಹೇಳಲೇಬೇಕು.

ಸಿ.ಸಿ.ಕೆ. ಪ್ರತಿ ನಮೂನೆಗೂ ಪ್ರತ್ಯೇಕ ಕೋಷ್ಟಕವನ್ನು ತೆರೆಯಿತು. ಒಂದು ಕಲಮನ್ನು ಎರಡು ನಮೂನೆಗಳು ಹಂಚಿಕೊಂಡರೆ, ಅಥವಾ ಒಂದೇ ಕಲಮಿನಲ್ಲಿ ಹಲವು ಉತ್ತರಗಳಿಗೆ ಎಡೆಯಿದ್ದರೆ (ಒಂದು ಪುಸ್ತಕಕ್ಕೆ ಮೂವರು ಲೇಖಕರಿದ್ದಂತೆ), ಆ ಕಲಮಿಗೆ ಮಾತ್ರ ಬೇರೆ ಕೋಷ್ಟಕ. ಬಳಸುವವರಿಗೆ ಇದಾವುದೂ ಕಾಣುತ್ತಿರಲಿಲ್ಲ. ಅವರು ಗುಂಡಿ ಒತ್ತಿದರೆ ಕಲಮು ಸಿದ್ಧ. ಇದರ ಜೊತೆಗೆ 2005ರಿಂದ ಅರ್ಲ್ ಮೈಲ್ಸ್ ಬರೆಯುತ್ತಿದ್ದ ‘ವ್ಯೂಸ್’ ಎಂಬ ಇನ್ನೊಂದು ಜೋಡಣೆ ಸೇರಿಕೊಂಡಿತು. ಸಿ.ಸಿ.ಕೆ. ತುಂಬಿಸಿಟ್ಟ ಮಾಹಿತಿಯನ್ನು ಬೇಕಾದ ಕ್ರಮದಲ್ಲಿ ಪಟ್ಟಿ ಮಾಡಿ ತೋರಿಸುವುದು ವ್ಯೂಸ್‌ನ ಕೆಲಸ. ಒಂದು ಕಣಜ, ಇನ್ನೊಂದು ಅಳೆದು ಕೊಡುವ ಕೊಳಗ. ನಮ್ಮ ಗ್ರಂಥಾಲಯ ಈಗ 1975ರ ಪುಸ್ತಕಗಳನ್ನು ಲೇಖಕರ ಅಕಾರಾದಿಯಲ್ಲಿ ಪಟ್ಟಿ ಮಾಡಬಹುದಾಯಿತು, ಅದೂ ಪ್ರೋಗ್ರಾಮರ್ ಒಬ್ಬರ ನೆರವಿಲ್ಲದೆ. ಡ್ರೂಪಲ್ ದೊಡ್ಡ ಸಂಸ್ಥೆಗಳ ಕಣ್ಣಿಗೆ ಬಿದ್ದದ್ದು ಈ ಕಾಲದಲ್ಲೇ. 2009ರ ಅಕ್ಟೋಬರಿನಲ್ಲಿ ಅಮೆರಿಕದ ಅಧ್ಯಕ್ಷರ ಶ್ವೇತಭವನದ ತಾಣವೇ ಡ್ರೂಪಲ್‌ಗೆ ಬಂದಿತು. (2017ರ ಕೊನೆಯಲ್ಲಿ ಅದು ವರ್ಡ್‌ಪ್ರೆಸ್‌ಗೆ ಹೋಯಿತೆನ್ನುವುದು ಬೇರೆ ಮಾತು.)

ಇಲ್ಲಿ ಒಂದು ವಿಚಿತ್ರ ಪರಿಸ್ಥಿತಿ ಉಂಟಾಯಿತು. ಹೊರಗಿನ ಜೋಡಣೆ ಎಂದು ಹೆಸರಿಗಷ್ಟೇ. ವಾಸ್ತವದಲ್ಲಿ ಈ ಎರಡಿಲ್ಲದೆ ಗಂಭೀರವಾದ ತಾಣ ಕಟ್ಟುವವರೇ ಅಪರೂಪವಾದರು. 2008ರ ಫೆಬ್ರವರಿಯಲ್ಲಿ ಡ್ರೂಪಲ್ 6 ಬಿಡುಗಡೆಯಾದಾಗ ಇದರ ತೊಡಕು ಎದ್ದುಕಂಡಿತು. ಮೂಲ ಸಿದ್ಧವಾಗಿತ್ತು, ಸಿ.ಸಿ.ಕೆ. ಮತ್ತು ವ್ಯೂಸ್ ಸಿದ್ಧವಾಗಿರಲಿಲ್ಲ. ತಾಣ ನಡೆಸುವವರು ತಿಂಗಳುಗಟ್ಟಲೆ ಕಾದರು. ಮದುವೆಗೆ ಚಪ್ಪರ ಎದ್ದಿದೆ, ಅಡಿಗೆಯವರು ಬಂದಿಲ್ಲ ಎಂಬಂಥ ಸ್ಥಿತಿ. ಅಡಿಗೆಯವರನ್ನು ದೂರುವುದೂ ನ್ಯಾಯವಲ್ಲ. ಲಕ್ಷಾಂತರ ರೂಪಾಯಿಯ ತಾಣಗಳು ಯಾರ ಹೆಗಲ ಮೇಲೆ ನಿಂತಿದ್ದವೋ ಅವರಲ್ಲಿ ಅನೇಕರು ತಮ್ಮ ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ಆ ಕೆಲಸ ಮಾಡುತ್ತಿದ್ದವರು. ಇಷ್ಟು ಮುಖ್ಯವಾದದ್ದನ್ನು ಮೂಲದೊಳಗೇ ಸೇರಿಸಿ, ಹೊಣೆಯನ್ನು ಇಡೀ ಬಳಗ ಹೊರಬೇಕು ಎಂಬ ವಾದಕ್ಕೆ ಬಲ ಬಂದದ್ದು ಸಹಜ.

2011ರ ಜನವರಿ 5ರಂದು ಹೊರಬಂದ ಡ್ರೂಪಲ್ 7ರಲ್ಲಿ ಕಲಮುಗಳ ವ್ಯವಸ್ಥೆ ಮೂಲದ ಅಂಗವಾಯಿತು. ಕೇವಲ ಬರಹಗಳಿಗಲ್ಲ, ಸದಸ್ಯರ ವಿವರಕ್ಕೆ, ವರ್ಗೀಕರಣದ ಪದಗಳಿಗೆ ಕೂಡ ಕಲಮುಗಳನ್ನು ಹಚ್ಚಬಹುದಾಯಿತು. ಚಿತ್ರಗಳನ್ನು ಸೇರಿಸುವ, ಅವನ್ನು ಬೇಕಾದ ಅಳತೆಗೆ ಕುಗ್ಗಿಸುವ ಹೊರಗಿನ ಜೋಡಣೆಗಳೂ ಒಳಗೆ ಬಂದವು. ಆದರೆ ಎಲ್ಲಕ್ಕೂ ಪ್ರವೇಶ ಸಿಗಲಿಲ್ಲ. ಒಂದು ಬರಹದಿಂದ ಇನ್ನೊಂದು ಬರಹಕ್ಕೆ ನಂಟು ಕಟ್ಟುವ ಕಲಮು ಸಿ.ಸಿ.ಕೆ.ಯಲ್ಲಿತ್ತು, ಡ್ರೂಪಲ್ 7ರ ಮೂಲದಲ್ಲಿ ಇರಲಿಲ್ಲ. ದಿನಾಂಕದ ಕಲಮೂ ಇರಲಿಲ್ಲ. ಕಲಮುಗಳನ್ನು ಗುಂಪುಗೂಡಿಸುವ ಸೌಲಭ್ಯ ಇಂದಿಗೂ ಹೊರಗಿನ ಜೋಡಣೆಯೇ. ಹೀಗಾಗಿ ಒಳಗೆ ಸೇರಿತು ಎಂದು ಒಂದೇ ಮಾತಿನಲ್ಲಿ ಹೇಳಿದರೂ, ಅದರಲ್ಲಿ ಆಯ್ಕೆ ಇತ್ತು, ಬಿಡುಗಡೆಯ ಹೊತ್ತಿಗೆ ಏನು ಗಟ್ಟಿಯಾಗಿ ನಿಲ್ಲುತ್ತದೆ ಎಂಬ ಲೆಕ್ಕಾಚಾರವಿತ್ತು.

ಇನ್ನು ಹಳೆಯ ಮಾಹಿತಿಯ ಗತಿ. ನನಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಈ ಘಟ್ಟ. ಡ್ರೂಪಲ್ 7 ಸಿ.ಸಿ.ಕೆ.ಯ ಕಲ್ಪನೆಯನ್ನು ಒಪ್ಪಿಕೊಂಡಿತು, ಅದರ ಕಣಜವನ್ನು ಒಪ್ಪಿಕೊಳ್ಳಲಿಲ್ಲ. ಹೊಸ ಏರ್ಪಾಡಿನಲ್ಲಿ ಹಂಚಿಕೆ ಇರಲಿ ಇಲ್ಲದಿರಲಿ, ಪ್ರತಿ ಕಲಮಿಗೂ ತನ್ನದೇ ಕೋಷ್ಟಕ. ಹಿಂದಿನ ತಿದ್ದುಪಡಿಗಳಿಗೆ ಇನ್ನೊಂದು. ಹಾಗಾಗಿ ತಾಣವನ್ನು 6ರಿಂದ 7ಕ್ಕೆ ಏರಿಸಿದ ಮಾತ್ರಕ್ಕೆ ಕಲಮುಗಳು ತಾವಾಗಿ ಬರಲಿಲ್ಲ. ಶೀರ್ಷಿಕೆ, ಒಡಲು ಬಂದವು. ಲೇಖಕರು, ವರ್ಷ, ಕಪಾಟಿನ ಸಂಖ್ಯೆ ಹಳೆಯ ಕೋಷ್ಟಕಗಳಲ್ಲೇ ಉಳಿದವು. ಅವನ್ನು ಹೊತ್ತು ತರಲು ‘ಕಂಟೆಂಟ್ ಮೈಗ್ರೇಟ್’ ಎಂಬ ಸಾಧನ ಬಂತು. ಅದು ಬಂದದ್ದು ಎಲ್ಲಿಂದ? ಸಿ.ಸಿ.ಕೆ.ಯ ಹೆಸರಿನಲ್ಲೇ. ಡ್ರೂಪಲ್ 7ಕ್ಕೆಂದು ಹೊರಬಂದ ಸಿ.ಸಿ.ಕೆ.ಯಲ್ಲಿ ಈ ಸಾಗಣೆಯ ಸಾಧನ ಬಿಟ್ಟರೆ ಹೆಚ್ಚಿನದೇನೂ ಇರಲಿಲ್ಲ. ತನ್ನ ಸಾಮಾನನ್ನೆಲ್ಲ ಹೊಸ ಮನೆಗೆ ಸಾಗಿಸಿ ಬಾಗಿಲು ಎಳೆದುಕೊಂಡು ಹೋಗುವುದಷ್ಟೇ ಅದಕ್ಕೆ ಉಳಿದ ಕೆಲಸ. ತಾವು ಕಟ್ಟಿದ್ದನ್ನು ತಾವೇ ಅಚ್ಚುಕಟ್ಟಾಗಿ ಮುಚ್ಚಿದ ಆ ಸ್ವಯಂಸೇವಕರ ಕೆಲಸಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ.

ಸಾಧನವಿದ್ದರೂ ಸಾಗಣೆ ಸುಲಭವಾಗಿರಲಿಲ್ಲ. ಯಾವ ನಮೂನೆಯಲ್ಲಿ ಯಾವ ಕಲಮುಗಳಿವೆ ಎಂದು ಮೊದಲು ಪಟ್ಟಿ ಮಾಡಬೇಕು. ಹಲವು ತಾಣಗಳಲ್ಲಿ ಅಂಥ ಪಟ್ಟಿಯೇ ಇರಲಿಲ್ಲ. ಕಟ್ಟಿಕೊಟ್ಟವರು ಹೋಗಿದ್ದರು, ನಡೆಸುವವರಿಗೆ ಒಳಗಿನ ರಚನೆ ಗೊತ್ತಿರಲಿಲ್ಲ. ತಾಣದ ನಕಲೊಂದನ್ನು ಮಾಡಿಕೊಂಡು ಅದರ ಮೇಲೆ ಪ್ರಯೋಗಿಸಿ, ಎಣಿಕೆ ತಾಳೆ ನೋಡಿ, ಆಮೇಲೆ ನಿಜವಾದ ತಾಣಕ್ಕೆ ಕೈಹಾಕುವುದು ಜಾಣತನ. ಅಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಕನ್ನಡಿಗರಿಗೆ ಈ ಪಾಡು ಹೊಸದಲ್ಲ. 1990ರ ದಶಕದ ಕೊನೆಯಲ್ಲಿ ಕನ್ನಡ ತಾಣವನ್ನು ಓದಬೇಕೆಂದರೆ ಆ ತಾಣದವರದೇ ಅಕ್ಷರಶೈಲಿಯನ್ನು ಮೊದಲು ಇಳಿಸಿಕೊಂಡು ಗಣಕದಲ್ಲಿ ಸ್ಥಾಪಿಸಬೇಕಿತ್ತು. ಅದೂ ಹೊರಗಿನ ಜೋಡಣೆಯೇ. ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಅಕ್ಷರಶೈಲಿಯೊಡನೆ ಕನ್ನಡವನ್ನು ಒಳಗೇ ತಂದಿತು. ಸೌಲಭ್ಯ ಒಳಗೆ ಬಂತು ನಿಜ, ಆದರೆ ಹಿಂದಿನ ಸಂಕೇತಗಳಲ್ಲಿ ಬೆರಳಚ್ಚಿಸಿದ ಬರಹ ತಾನಾಗಿ ಬದಲಾಗಲಿಲ್ಲ. ಹಳೆಯ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಅದನ್ನು ತೆರೆದರೆ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಗೋಜಲು. ಯಾರೋ ಕುಳಿತು ಪರಿವರ್ತಿಸಿದ ಬರಹವಷ್ಟೇ ಇಂದು ಹುಡುಕಿದರೆ ಸಿಗುತ್ತದೆ.

ಮತ್ತೆ ಡ್ರೂಪಲ್‌ಗೆ ಬರೋಣ. 2015ರ ನವೆಂಬರ್ 19ರಂದು ಎಂಟನೆಯ ಆವೃತ್ತಿ ಬಂದಾಗ ವ್ಯೂಸ್ ಕೂಡ ಮೂಲದೊಳಗೆ ಸೇರಿತು. ದಿನಾಂಕ, ಕೊಂಡಿ, ಬರಹಗಳ ನಡುವಿನ ನಂಟು, ಹಿಂದೆ ಉಳಿದಿದ್ದ ಈ ಕಲಮುಗಳೂ ಬಂದವು. ಏಳನೆಯ ಆವೃತ್ತಿಯಲ್ಲಿ ತಾಣವನ್ನು ಎರಡು ಭಾಷೆಗಳಲ್ಲಿ ಪೂರ್ತಿಯಾಗಿ ನಡೆಸಲು ಹಲವು ಹೊರ ಜೋಡಣೆಗಳನ್ನು ಒಂದಕ್ಕೊಂದು ಹೊಂದಿಸಬೇಕಿತ್ತು. ಎಂಟರಲ್ಲಿ ಅದಕ್ಕೆ ಬೇಕಾದ ನಾಲ್ಕು ಮಾಡ್ಯೂಲ್‌ಗಳು ಮೂಲದಲ್ಲೇ ದೊರೆತವು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಪ್ರಕಟಿಸಬೇಕಾದ ಸಂಸ್ಥೆಗೆ ಇದು ಸಣ್ಣ ಅನುಕೂಲವಲ್ಲ. ಮಾಹಿತಿ ಸಾಗಿಸುವ ‘ಮೈಗ್ರೇಟ್’ ಎಂಬ ಹೊರ ಜೋಡಣೆಯೇ ಮೂಲದ ಭಾಗವಾಯಿತು. ಆದರೆ ಅದಕ್ಕೊಂದು ಕಾರಣವಿತ್ತು. ಎಂಟರ ಒಳರಚನೆ ಏಳಕ್ಕಿಂತ ತೀರ ಭಿನ್ನ. ಇದ್ದ ತಾಣವನ್ನೇ ಏರಿಸುವ ಹಳೆಯ ದಾರಿ ಮುಚ್ಚಿತು. ಪಕ್ಕದಲ್ಲಿ ಹೊಸ ತಾಣ ಕಟ್ಟಿ ಮಾಹಿತಿಯನ್ನು ಅಲ್ಲಿಗೆ ಸಾಗಿಸಬೇಕಾಯಿತು. ತಮಗಾಗಿ ಬರೆಸಿಕೊಂಡ ಮಾಡ್ಯೂಲ್‌ಗಳನ್ನೆಲ್ಲ ಮತ್ತೆ ಬರೆಸಬೇಕಾಯಿತು. ದೊಡ್ಡ ಸಂಸ್ಥೆಗಳು ಇದಕ್ಕೆ ಹಣ ತೆಗೆದಿಟ್ಟವು. ಶಾಲೆ, ಸಂಘ, ಸಣ್ಣ ಪತ್ರಿಕೆಗಳಂಥವು ಏಳರಲ್ಲೇ ನಿಂತವು.

ಇತರರು ಏನು ಮಾಡಿದರು ಎಂದು ಒಮ್ಮೆ ಇಣುಕಿ ನೋಡುವುದು ಉಚಿತ. ಜೂಮ್ಲಾ ಎಂಬ ಹೆಸರು ‘ಎಲ್ಲ ಒಟ್ಟಿಗೆ’ ಎಂಬ ಅರ್ಥದ ಸ್ವಾಹಿಲಿ ಪದದಿಂದ ಬಂದದ್ದು. ಅದರ ಬೇರು ಅರಬ್ಬಿಯಲ್ಲಿದೆ, ಉರ್ದುವಿನ ‘ಜುಮ್ಲಾ’ದ ನೆಂಟ. ಅದರ 1.5 ಆವೃತ್ತಿಯಲ್ಲಿ ಬರಹಗಳನ್ನು ವಿಭಾಗ, ಉಪವಿಭಾಗ ಎಂಬ ಎರಡೇ ಹಂತಗಳಲ್ಲಿ ವಿಂಗಡಿಸಬಹುದಿತ್ತು. ಗ್ರೀಸ್‌ನ ಜೂಮ್ಲಾವರ್ಕ್ಸ್ ಸಂಸ್ಥೆಯ ‘ಕೆ2’ ಎಂಬ ಜೋಡಣೆ ಎಷ್ಟು ಹಂತ ಬೇಕಾದರೂ ಕೊಟ್ಟಿತು. ಹೆಚ್ಚುವರಿ ಕಲಮು, ಗುರುತುಪದ, ಚಿತ್ರ ಎಲ್ಲವನ್ನೂ ಕೊಟ್ಟಿತು. ಮೂಲ ಜೂಮ್ಲಾ ಇವನ್ನು ನಿಧಾನವಾಗಿ ಒಂದೊಂದಾಗಿ ತಂದುಕೊಂಡಿತು: 2011ರಲ್ಲಿ ಬಹುಹಂತದ ವಿಭಾಗಗಳು, 2013ರಲ್ಲಿ ಗುರುತುಪದಗಳು, 2017ರ 3.7ರಲ್ಲಿ ಕಲಮುಗಳು. ಡ್ರೂಪಲ್‌ನಲ್ಲಿ ಜೋಡಣೆಯನ್ನು ಕಟ್ಟಿದವರೂ ಮೂಲದವರೂ ಒಂದೇ ಬಳಗದಲ್ಲಿದ್ದರು. ಇಲ್ಲಿ ಕೆ2 ಸಂಸ್ಥೆಯೊಂದರ ಕೈಯಲ್ಲಿತ್ತು, ಮೂಲದವರು ತಮ್ಮದನ್ನು ಬೇರೆಯಾಗಿಯೇ ಕಟ್ಟಿದರು. ಕೆ2 ಬರಹಗಳು ಜೂಮ್ಲಾದ ಬರಹಗಳ ಕೋಷ್ಟಕದಲ್ಲಿರದೆ ತಮ್ಮದೇ ಕೋಷ್ಟಕದಲ್ಲಿದ್ದವು. ಹೆಚ್ಚುವರಿ ಕಲಮುಗಳ ಉತ್ತರಗಳನ್ನೆಲ್ಲ ಒಂದೇ ಗಂಟಾಗಿ ಕಟ್ಟಿ ಒಂದೇ ಅಂಕಣದಲ್ಲಿ ಇಟ್ಟಿದ್ದರು. ಗಂಟು ಬಿಚ್ಚಿ ಒಂದೊಂದನ್ನೂ ಅದರದರ ಜಾಗಕ್ಕೆ ಹಾಕಬೇಕು. ಪುಟಗಳ ವಿಳಾಸವೂ ಬದಲಾಗುವುದರಿಂದ ಹಳೆಯ ವಿಳಾಸ ಹುಡುಕಿ ಬಂದವರನ್ನು ಹೊಸದಕ್ಕೆ ಕಳಿಸುವ ಏರ್ಪಾಡು ಮಾಡಬೇಕು. ಅದನ್ನು ಮರೆತರೆ ಎಷ್ಟೋ ವರ್ಷ ಜನ ಉಲ್ಲೇಖಿಸಿದ ಕೊಂಡಿಗಳೆಲ್ಲ ಒಂದೇ ದಿನ ಸತ್ತುಹೋಗುತ್ತವೆ. 2023ರ ಆಗಸ್ಟ್ 17ರಂದು ಜೂಮ್ಲಾ 3ರ ಬೆಂಬಲ ನಿಂತಾಗ ಈ ಕೆಲಸವನ್ನು ಮುಂದೂಡುತ್ತ ಬಂದಿದ್ದವರಿಗೆ ದಾರಿ ಕಿರಿದಾಯಿತು.

ವರ್ಡ್‌ಪ್ರೆಸ್‌ನಲ್ಲಿ ನಡೆದದ್ದು ಇದರ ತಿರುವುಮುರುವು. 2018ರ ಡಿಸೆಂಬರಿನಲ್ಲಿ 5.0 ಆವೃತ್ತಿಯೊಡನೆ ‘ಗುಟೆನ್‌ಬರ್ಗ್’ ಎಂಬ ಹೊಸ ಬರಹಫಲಕ ಮೂಲದೊಳಗೆ ಬಂದಾಗ, ಅಲ್ಲಿಯವರೆಗೆ ಒಳಗಿದ್ದ ಹಳೆಯ ಫಲಕ ‘ಕ್ಲಾಸಿಕ್ ಎಡಿಟರ್’ ಎಂಬ ಹೆಸರಿನ ಹೊರ ಜೋಡಣೆಯಾಯಿತು. ಲಕ್ಷಾಂತರ ತಾಣಗಳು ಅದನ್ನು ಹಿಂದೆ ಕರೆತಂದು ಕೂರಿಸಿಕೊಂಡವು. ಒಳಗೆ ಬಂದದ್ದೆಲ್ಲ ಶಾಶ್ವತವೆಂದು ತಿಳಿಯುವಂತಿಲ್ಲ. ಡ್ರೂಪಲ್ 8ರ ಮೂಲಕ್ಕೆ ಬಂದ ಸಿ.ಕೆ. ಎಡಿಟರ್ 4 ಕೂಡ 2022ರ ಡಿಸೆಂಬರಿನಲ್ಲಿ ಹತ್ತನೆಯ ಆವೃತ್ತಿ ಬರುವಷ್ಟರಲ್ಲಿ ತನ್ನ ಜಾಗವನ್ನು ಐದಕ್ಕೆ ಬಿಟ್ಟುಕೊಟ್ಟಿತ್ತು.

ಹಾಗಾದರೆ ಹಳೆಯದರಲ್ಲೇ ಇದ್ದರೆ ಏನು ತೊಂದರೆ ಎಂದು ಕೇಳಬಹುದು. ತೊಂದರೆ ಇರುವುದು ಭದ್ರತೆಯಲ್ಲಿ. 2014ರ ಅಕ್ಟೋಬರ್ 15ರಂದು ಡ್ರೂಪಲ್ 7ರ ಮೂಲದಲ್ಲೇ ಒಂದು ದೊಡ್ಡ ಬಿರುಕು ಇರುವುದು ಪ್ರಕಟವಾಯಿತು. ಪರಿಹಾರವನ್ನೂ ಅದೇ ದಿನ ಕೊಟ್ಟರು. ಎರಡು ವಾರಗಳ ಬಳಿಕ ಭದ್ರತಾ ತಂಡ ಎಚ್ಚರಿಸಿತು: ಪ್ರಕಟಣೆಯಾಗಿ ಏಳು ಗಂಟೆಗಳೊಳಗೆ ಸರಿಪಡಿಸಿಕೊಳ್ಳದ ತಾಣಗಳು ಕನ್ನಹಾಕಲ್ಪಟ್ಟಿವೆ ಎಂದೇ ತಿಳಿಯಿರಿ ಎಂದು. ಮೂಲದಲ್ಲಿದ್ದರೆ ಬಿರುಕು ಬೀಳುವುದಿಲ್ಲವೆಂದಲ್ಲ. ಬಿದ್ದಾಗ ನೋಡಿಕೊಳ್ಳುವವರು ಇರುತ್ತಾರೆ. ಕಟ್ಟಿದವರು ಕೈಬಿಟ್ಟ ಜೋಡಣೆಯಲ್ಲಿ ಬಿರುಕು ಬಿದ್ದರೆ ಹೇಳುವವರೂ ಇಲ್ಲ, ಮುಚ್ಚುವವರೂ ಇಲ್ಲ.

ಡ್ರೂಪಲ್ 7ಕ್ಕೆ 2021ರ ನವೆಂಬರಿನಲ್ಲಿ ವಿದಾಯ ಹೇಳುವುದೆಂದು ಮೊದಲು ಗೊತ್ತುಮಾಡಿದ್ದರು. ಕೋವಿಡ್ ಬಂತು, ಹಣವಿಲ್ಲದ ಸಂಸ್ಥೆಗಳ ಮೇಲೆ ಇನ್ನೊಂದು ಹೊರೆ ಬೇಡವೆಂದು ಗಡುವನ್ನು 2022ಕ್ಕೆ, ಆಮೇಲೆ 2023ಕ್ಕೆ, ಕೊನೆಗೆ 2025ಕ್ಕೆ ಮುಂದೂಡಿದರು. ಹೀಗೆ ಮತ್ತೆ ಮತ್ತೆ ಮುಂದೂಡಿದ್ದನ್ನು ದೌರ್ಬಲ್ಯವೆಂದು ಟೀಕಿಸಿದವರಿದ್ದಾರೆ. ನನಗೆ ಅದು ಹೊರೆ ಹೊರುವವರ ಕಷ್ಟವನ್ನು ಅರಿತ ನಡೆಯಾಗಿ ಕಾಣುತ್ತದೆ. 2025ರ ಜನವರಿ 5ರಂದು, ಬಿಡುಗಡೆಯಾದ ದಿನಕ್ಕೆ ಸರಿಯಾಗಿ ಹದಿನಾಲ್ಕು ವರ್ಷ ತುಂಬಿದಾಗ, ಏಳನೆಯ ಆವೃತ್ತಿಯ ಅಧಿಕೃತ ಬೆಂಬಲ ನಿಂತಿತು.

ಆಗಲೂ ಹೊಸದಕ್ಕೆ ಹೋಗಲಾರದವರಿಗೆ ಇನ್ನೊಂದು ಬಾಗಿಲು ತೆರೆದಿತ್ತು. ಎಂಟನೆಯ ಆವೃತ್ತಿ ಹಿಡಿದ ದಾರಿ ಒಪ್ಪದ ಜೆನ್ ಲ್ಯಾಂಪ್ಟನ್ ಮತ್ತು ನೇಟ್ ಲ್ಯಾಂಪ್ಟನ್ 2013ರಲ್ಲೇ ಕವಲೊಡೆದು ‘ಬ್ಯಾಕ್‌ಡ್ರಾಪ್’ ಎಂಬ ತಂತ್ರಾಂಶವನ್ನು ಆರಂಭಿಸಿದ್ದರು. ಅದರ ಮೊದಲ ಆವೃತ್ತಿ 2015ರ ಜನವರಿಯಲ್ಲಿ ಬಂದಿತು. ಅದರಲ್ಲಿ ಕಲಮುಗಳೂ ಇವೆ, ವ್ಯೂಸ್ ಕೂಡ ಒಳಗೇ ಇದೆ. ಡ್ರೂಪಲ್ 7ರ ದತ್ತಸಂಚಯವನ್ನು ಹಾಗೆಯೇ ತೆಗೆದುಕೊಂಡು, ಪಕ್ಕದಲ್ಲಿ ಬೇರೆ ತಾಣ ಕಟ್ಟಿಸದೆ, ಅಲ್ಲಿಂದಲೇ ಮುಂದಕ್ಕೆ ಏರಿಸಿಕೊಳ್ಳುವ ಹಳೆಯ ಪದ್ಧತಿಯನ್ನು ಅದು ಉಳಿಸಿಕೊಂಡಿದೆ.